ನಾಲ್ಕು ದೀಪಾವಳಿಯ ಕ್ಯಾಮೆರಾ

ಒಳ್ಳೆಯದೊಂದು ಕ್ಯಾಮೆರಾ ಕೊಳ್ಳಬೇಕೆಂಬ ಆಸೆ ನಮ್ಮಂಥವರ ಮನೆಗಳಲ್ಲಿ ಬಹಳ ಹಳೆಯದು; ಕೈಯಲ್ಲಿರುವ ಹಣ ಸಾಲದೆಂಬ ಚಿಂತೆಯೂ ಅಷ್ಟೇ ಹಳೆಯದು. ಸಂಘದ ಯಾವ ಸಮಾರಂಭಕ್ಕೆ ಹೋದರೂ ಒಬ್ಬಿಬ್ಬರು ನಮ್ಮ ಹೆಗಲಿನ ಚೀಲವನ್ನು ನೋಡಿ, "ಯಾವ ಕ್ಯಾಮೆರಾ? ಎಷ್ಟು ಬಿತ್ತು? ನಾವೂ ಒಂದು ತೆಗೆದುಕೊಳ್ಳಬಹುದೋ?" ಎಂದು ವಿಚಾರಿಸುವುದುಂಟು. ಕೋಸಂಬರಿಯ ದೊನ್ನೆಯನ್ನು ಕೈಯಲ್ಲಿ ಹಿಡಿದು, ನಿಂತ ನಿಲುವಿನಲ್ಲಿ ಕೊಡಬಹುದಾದ ಉತ್ತರವಲ್ಲ ಅದು. ಆದ್ದರಿಂದ ಸಂಪಾದಕರ ಅಪ್ಪಣೆ ಪಡೆದು ಇಲ್ಲಿ ಬರೆಯುತ್ತಿದ್ದೇವೆ. ನಾವು ಛಾಯಾಗ್ರಹಣದಲ್ಲಿ ಪಂಡಿತರೇನೂ ಅಲ್ಲ. ಮುಂಬಯಿಯಲ್ಲಿ ಕೇಂದ್ರ ಸರ್ಕಾರದ ಕಛೇರಿಯೊಂದರಲ್ಲಿ ಗುಮಾಸ್ತರು. ಕಡತವನ್ನು ನೋಡುವ ಕಣ್ಣಿನಿಂದಲೇ ಕ್ಯಾಮೆರಾವನ್ನೂ ನೋಡಿದೆವು. ಕಡಿಮೆ ಹಣದಲ್ಲಿ ಕೊಳ್ಳುವವನಿಗೆ ಆ ಕಣ್ಣೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಈಗ ಅನ್ನಿಸುತ್ತಿದೆ.

"ಮೊಬೈಲು ಇರುವಾಗ ಕ್ಯಾಮೆರಾ ಏತಕ್ಕೆ?" ಎಂಬ ಪ್ರಶ್ನೆಯನ್ನು ಮೊದಲೇ ತೀರಿಸಿಬಿಡೋಣ. ಹಗಲು ಬೆಳಕಿನಲ್ಲಿ ಸುಮ್ಮನೆ ನಿಂತವರ ಪಟಕ್ಕೆ, ತೆಗೆದದ್ದನ್ನು ಆ ಗಳಿಗೆಯಲ್ಲೇ ಊರಿಗೆ ಕಳಿಸುವುದಕ್ಕೆ, ಮೊಬೈಲು ಧಾರಾಳವಾಗಿ ಸಾಕು. ಅಷ್ಟೇ ಬೇಕಾದವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋದರೆ ನಮಗೆ ಬೇಸರವಿಲ್ಲ. ಮೊಬೈಲು ಎಡವುವುದು ಮಬ್ಬು ಬೆಳಕಿನ ಮನೆಯೊಳಗೆ, ಅದರಲ್ಲೂ ಮುಂದಿರುವವರು ಅಲುಗಾಡುವಾಗ. ಅದರಲ್ಲಿ ಬೆಳಕನ್ನು ಹಿಡಿಯುವ ಫಲಕ, ಅಂದರೆ ಸೆನ್ಸರ್, ಮಗುವಿನ ಕಿರುಬೆರಳಿನ ಉಗುರಿನಷ್ಟು. ಸಾಧಾರಣ ಬೆಲೆಯ ನಿಕಾನ್ ಡಿ.ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ಅದು ಸುಮಾರು ೨೩.೫ ಮಿಲಿಮೀಟರ್ ಉದ್ದ, ೧೫.೬ ಮಿಲಿಮೀಟರ್ ಅಗಲ; ಒಂದು ಸಣ್ಣ ಅಂಚೆಚೀಟಿಯಷ್ಟು. ಈ ಕೊರತೆಯನ್ನು ಮೊಬೈಲು ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ: ಒಂದರ ಹಿಂದೊಂದು ಹಲವು ಪಟಗಳನ್ನು ತೆಗೆದು, ಅವನ್ನೆಲ್ಲ ಬೆರೆಸಿ, ಒಂದಾಗಿ ಮಾಡಿ ತೋರಿಸುತ್ತದೆ. ಗೋಡೆಗೂ ಗೋಪುರಕ್ಕೂ ಇದು ಸರಿಹೋಗುತ್ತದೆ. ಓಡುವ ಮಗು ಮಾತ್ರ ಕಲಸಿದ ರಂಗೋಲಿಯಂತಾಗುತ್ತದೆ.

ನಮ್ಮ ಮನೆಯಲ್ಲಿ ಈ ವಿಚಾರ ಎದ್ದದ್ದಕ್ಕೆ ಬೇರೊಂದು ಕಾರಣವಿತ್ತು. ೨೦೧೯ರಲ್ಲಿ ನಮ್ಮ ಅಜ್ಜ ತೀರಿಕೊಂಡರು. ಕುಮಟೆಯ ಹತ್ತಿರದ ಹಳ್ಳಿಯ ಮನೆಯಲ್ಲಿ ಹದಿಮೂರನೆಯ ದಿನಕ್ಕೆ ಗೋಡೆಗೆ ಒಂದು ಪಟ ಬೇಕಾಯಿತು. ಐದು ಮಂದಿ ಮೊಮ್ಮಕ್ಕಳ ಮೊಬೈಲುಗಳನ್ನು ಜಾಲಾಡಿದೆವು. ಹಬ್ಬದ ಎಲೆಗಳು, ಕರುಗಳು, ಮಳೆ, ನಮ್ಮ ನಮ್ಮ ಮುಖಗಳು ಸಾವಿರಗಟ್ಟಲೆ ಸಿಕ್ಕವು. ಅಜ್ಜ ಒಬ್ಬರೇ ಇರುವ, ಕಣ್ಣು ಕಾಣಿಸುವ ಪಟ ಒಂದೂ ಇರಲಿಲ್ಲ. ಕೊನೆಗೆ ಯಾರದೋ ಮದುವೆಯ ಗುಂಪಿನಿಂದ, ಅದೂ ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದ ಚಿತ್ರದಿಂದ, ಅಜ್ಜನ ತಲೆಯಷ್ಟನ್ನು ಕತ್ತರಿಸಿ ದೊಡ್ಡದು ಮಾಡಿಸಿದೆವು. ವಾಟ್ಸಾಪು ಸಾಮಾನ್ಯವಾಗಿ ಪಟವನ್ನು ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತದೆಂಬುದು ಎಲ್ಲರಿಗೂ ಗೊತ್ತಿರುವುದೇ. ಗೋಡೆಯ ಮೇಲೆ ಇಂದಿಗೂ ತೂಗುತ್ತಿರುವ ಅಜ್ಜನ ಮುಖ ಚೌಕಚೌಕವಾಗಿದೆ. ಅಜ್ಜಿ ಅದನ್ನು ನೋಡಿ ಏನೂ ಹೇಳಲಿಲ್ಲ. ಪರ ಊರಿನಲ್ಲಿ ಅನ್ನ ಹುಡುಕಿಕೊಂಡು ವರುಷಕ್ಕೊಮ್ಮೆ ಊರು ಕಾಣುವ ನಮ್ಮಂಥವರಿಗೆ ಅಜ್ಜಿಯ ಆ ಮೌನ ಎಷ್ಟು ನಾಟುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದೇ ನಿಶ್ಚಯವಾಯಿತು, ಹಣ ಮಾತ್ರ ಆಗಲಿಲ್ಲ. ನಮ್ಮ ದರ್ಜೆಯ ನೌಕರರಿಗೆ ದೀಪಾವಳಿಯ ಹೊತ್ತಿಗೆ ಬರುವ ಬೋನಸ್ಸು ೬,೯೦೮ ರೂಪಾಯಿ. ಸಂಬಳ ಎಷ್ಟೇ ಇದ್ದರೂ ತಿಂಗಳಿಗೆ ಏಳು ಸಾವಿರವೆಂದು ಎಣಿಸಿ, ಮೂವತ್ತು ದಿನಕ್ಕೆ ಲೆಕ್ಕ ಹಾಕಿದಾಗ ಬರುವ ಅಂಕಿ ಅದು. ೨೦೨೦ರಿಂದ ೨೦೨೩ರ ತನಕ ನಾಲ್ಕು ದೀಪಾವಳಿಗಳ ಬೋನಸ್ಸನ್ನು ಮುಟ್ಟದೆ ಇಟ್ಟೆವು. ನಮ್ಮಾಕೆ ಆ ನಾಲ್ಕು ವರುಷ ಹಬ್ಬಕ್ಕೆ ಹೊಸ ಸೀರೆಯ ಮಾತನ್ನೆತ್ತಲಿಲ್ಲವೆಂಬುದನ್ನು ಇಲ್ಲಿ ಬರೆಯದಿದ್ದರೆ ಲೆಕ್ಕ ಅಪೂರ್ಣವಾದೀತು. ಒಟ್ಟು ೨೭,೬೩೨ ರೂಪಾಯಿ. ಇದಕ್ಕೆ ಮೇಲೆ ಒಂದು ಪೈಸೆ ಹಾಕಬಾರದು, ಕಂತಿನ ಸಾಲ ಮಾಡಬಾರದು ಎಂಬುದು ಕರಾರು.

ಇನ್ನು ಈ ಯಂತ್ರದ ವಿಚಾರ. ಡಿ.ಎಸ್.ಎಲ್.ಆರ್. ಎಂಬ ಉದ್ದನೆಯ ಹೆಸರಿನ ಒಳಗುಟ್ಟು ಒಂದು ಪುಟ್ಟ ಕನ್ನಡಿ. ಲೆನ್ಸಿನಿಂದ ಒಳಬಂದ ಬೆಳಕನ್ನು ಆ ಕನ್ನಡಿ ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಟಪ್ಪೆಂದು ಮೇಲೇಳುತ್ತದೆ. ಹಿಂದಿನ ಪರದೆ ತೆರೆದು ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಫಿಲ್ಮಿನ ಕಾಲದಲ್ಲಿ ಆ ಜಾಗದಲ್ಲಿ ಫಿಲ್ಮು ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ೧೯೯೧ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್ ೩ ಎಂಬ ಫಿಲ್ಮ್ ಕ್ಯಾಮೆರಾಕ್ಕೆ ೧.೩ ಮೆಗಾಪಿಕ್ಸೆಲಿನ ಸೆನ್ಸರ್ ಜೋಡಿಸಿ ಮಾರಿತು. ಚಿತ್ರಗಳನ್ನು ಶೇಖರಿಸುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ನೇತುಹಾಕಿಕೊಳ್ಳಬೇಕಾಗಿತ್ತು. ೧೯೯೯ರಲ್ಲಿ ನಿಕಾನ್ ಡಿ ೧ ಬಂದಿತು. ೨೦೦೩ರಲ್ಲಿ ಕ್ಯಾನನ್ ತನ್ನ ೩೦೦ ಡಿ ಕ್ಯಾಮೆರಾವನ್ನು ಸಾವಿರ ಡಾಲರಿಗಿಂತ ಕಡಿಮೆಗೆ ಮಾರತೊಡಗಿದ ಮೇಲೆಯೇ ಇದು ಗೃಹಸ್ಥರ ಕೈಗೆ ಸಿಗುವ ವಸ್ತುವಾದದ್ದು.

ಈಗ ಕಾಲಚಕ್ರ ಮತ್ತೊಂದು ಸುತ್ತು ತಿರುಗಿದೆ. ಕನ್ನಡಿಯೇ ಇಲ್ಲದ, ಮಿರರ್‌ಲೆಸ್ ಎಂಬ ಹೊಸ ಜಾತಿಯ ಕ್ಯಾಮೆರಾಗಳ ಕಡೆಗೆ ಕಂಪನಿಗಳು ಮುಖ ತಿರುಗಿಸಿವೆ. ನಿಕಾನಿನ ಡಿ ೬ ಹೊರಬಂದದ್ದು ೨೦೨೦ರಲ್ಲಿ. ಆಮೇಲೆ ಅದರ ಶ್ರಮವೆಲ್ಲ ಹೊಸ ಜಾತಿಗೇ ಸಂದಿತು. ಹಣವುಳ್ಳವರು ಹೊಸದಕ್ಕೆ ಹೋದರು. ಅವರು ಬಿಟ್ಟ, ಇನ್ನೂ ಹತ್ತಾರು ವರುಷ ಬಾಳಬಲ್ಲ ಹಳೆಯ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದು ಬಿದ್ದಿವೆ. ಸಾಹೇಬರು ವರ್ಗವಾಗಿ ಹೋದಾಗ ಅವರ ತೇಗದ ಮೇಜು ಗುಮಾಸ್ತನ ಪಾಲಿಗೆ ಬರುವಂತೆ ಇದು. ನಮ್ಮಂಥವರಿಗೆ ಈ ಯೋಗ ಒದಗಿರುವುದು ಇದೇ ಮೊದಲು.

ಅಂಗಡಿಗೆ ಹೋದವನ ಕಿವಿಗೆ ಮೊದಲು ಬೀಳುವ ಮಾತು "ಮೆಗಾಪಿಕ್ಸೆಲ್ ಎಷ್ಟು?" ಎಂಬುದು. ಇದು ಬಟ್ಟೆಯನ್ನು ತೂಕ ಮಾಡಿ ಕೊಳ್ಳುವಂತಹ ಮಾತು. ಹತ್ತು ಅಂಗುಲ ಉದ್ದ, ಎಂಟು ಅಂಗುಲ ಅಗಲದ ಪಟವನ್ನು ಅಚ್ಚುಕಟ್ಟಾಗಿ ಮುದ್ರಿಸಲು ಅಂಗುಲಕ್ಕೆ ೩೦೦ ಚುಕ್ಕೆಗಳೆಂದು ಹಿಡಿದರೆ ೩,೦೦೦ ಗುಣಿಸು ೨,೪೦೦, ಅಂದರೆ ೭೨ ಲಕ್ಷ ಚುಕ್ಕೆ ಸಾಕು. ಅದು ೭.೨ ಮೆಗಾಪಿಕ್ಸೆಲ್. ಹತ್ತು ಹನ್ನೆರಡು ವರುಷ ಹಳೆಯ ಡಿ.ಎಸ್.ಎಲ್.ಆರ್.ಗಳಲ್ಲಿಯೂ ಇದರ ಎರಡರಷ್ಟು, ಮೂರರಷ್ಟು ಇರುತ್ತದೆ. ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುವ ಉದ್ದೇಶವಿಲ್ಲದವರು ಈ ಅಂಕಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಹಾಗಾದರೆ ಹಣ ಹಾಕಬೇಕಾದದ್ದು ಯಾವುದಕ್ಕೆ? ಲೆನ್ಸಿಗೆ. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ವಾಚಕರಲ್ಲಿ ನಮ್ಮ ಅರಿಕೆ. ಕ್ಯಾಮೆರಾದೊಂದಿಗೆ ಸಾಮಾನ್ಯವಾಗಿ ಕೊಡುವ ಲೆನ್ಸಿಗೆ ಕಿಟ್ ಲೆನ್ಸ್ ಎನ್ನುತ್ತಾರೆ. ಅದರ ಮೇಲೆ ೧೮-೫೫ ಎಂದೂ, ೩.೫-೫.೬ ಎಂದೂ ಬರೆದಿರುತ್ತದೆ. ಮೊದಲಿನದು ಹತ್ತಿರ ದೂರದ ಲೆಕ್ಕ. ಎರಡನೆಯದು ಬೆಳಕಿನ ಲೆಕ್ಕ. ಈ ಎರಡನೆಯ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಮೊದಲು ಕೇಳಿದವರಿಗೆ ಇದು ತಲೆಕೆಳಗಾಗಿ ತೋರುವುದು ಸಹಜ. ಲೆನ್ಸಿನ ಮಿಲಿಮೀಟರನ್ನು ಕಿಂಡಿಯ ಅಗಲದಿಂದ ಭಾಗಿಸಿದಾಗ ಬರುವ ಅಂಕಿ ಅದಾದ್ದರಿಂದ, ಭಾಜಕ ದೊಡ್ಡದಾದರೆ ಉತ್ತರ ಚಿಕ್ಕದಾಗುತ್ತದೆ. ಪ್ರಾಥಮಿಕ ಶಾಲೆಯ ಗಣಿತವೇ. ಕಿಟ್ ಲೆನ್ಸನ್ನು ೫೫ರ ತುದಿಗೆ ಎಳೆದಾಗ ಅದರ ಅಂಕಿ ೫.೬. ಜೂಮ್ ಇಲ್ಲದ, ೧.೮ ಅಂಕಿಯ ಸಣ್ಣ ಲೆನ್ಸುಗಳು ಸಿಗುತ್ತವೆ. ಇವೆರಡರ ನಡುವಣ ಅಂತರವನ್ನು ಲೆಕ್ಕ ಹಾಕಿದರೆ ಎರಡನೆಯದು ಒಂಬತ್ತು ಪಾಲಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತದೆ. ಮನೆಯೊಳಗೆ ಕಿಟ್ ಲೆನ್ಸಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹೊತ್ತು ಬೇಕಾಗುವ ಕಡೆ ಇದಕ್ಕೆ ತೊಂಬತ್ತನೆಯ ಒಂದು ಭಾಗ ಸಾಕು. ಹತ್ತನೆಯ ಒಂದು ಭಾಗದಲ್ಲಿ ಮುದುಕರ ಕೈ ನಡುಗಿರುತ್ತದೆ, ತೆಗೆಯುವವನ ಕೈಯೂ ನಡುಗಿರುತ್ತದೆ. ತೊಂಬತ್ತನೆಯ ಒಂದು ಭಾಗದಲ್ಲಿ ಎರಡೂ ನಿಂತಿರುತ್ತವೆ.

ನಮ್ಮ ಊರಿನ ಹಂಚಿನ ಮನೆಗಳನ್ನು ಬಲ್ಲವರಿಗೆ ಇದರ ಬೆಲೆ ಕೂಡಲೇ ತಿಳಿದೀತು. ನಡುಮನೆಗೆ ಕಿಟಕಿ ಒಂದೇ; ಮಾಡಿನಲ್ಲಿ ಒಂದು ಗಾಜಿನ ಹಂಚು. ಬಿಸಿಲು ಬರುವುದು ಆ ಹಂಚಿನಿಂದ, ಒಂದು ಕೋಲಿನ ಹಾಗೆ. ಫ್ಲ್ಯಾಷ್ ಹಾಕಿದರೆ ಹಿಂದಿನ ಗೋಡೆ ಕಪ್ಪಾಗಿ, ಮುಖ ಮಾತ್ರ ಸುಣ್ಣ ಬಳಿದಂತಾಗಿ, ಅಜ್ಜಿಯ ಬದಲು ಬೇರೆ ಯಾರೋ ಕುಳಿತಂತಿರುತ್ತದೆ. ಆ ಮನೆಯನ್ನು ಆ ಮನೆಯ ಬೆಳಕಿನಲ್ಲೇ ಹಿಡಿಯಬೇಕಾದರೆ ೧.೮ರ ಲೆನ್ಸಿಗಿಂತ ಅಗ್ಗದ ದಾರಿ ನಮಗೆ ಕಾಣಲಿಲ್ಲ.

ಇಂತಹ ಲೆನ್ಸುಗಳಲ್ಲಿ ೫೦ ಮಿಲಿಮೀಟರಿನದು ಹೆಚ್ಚು ಪ್ರಸಿದ್ಧ. ಆದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದರ ನೋಟ ಇನ್ನಷ್ಟು ಕಿರಿದಾಗಿ, ನಿಕಾನಿನಲ್ಲಿ ೭೫ರಂತೆಯೂ ಕ್ಯಾನನ್ನಿನಲ್ಲಿ ೮೦ರಂತೆಯೂ ಕಾಣುತ್ತದೆ. ಮುಂಬಯಿಯ ಒಂದೂವರೆ ಕೋಣೆಯ ಮನೆಯಲ್ಲಿ ಇಡೀ ಸಂಸಾರವನ್ನು ಅದರೊಳಗೆ ಸೇರಿಸಬೇಕಾದರೆ ತೆಗೆಯುವವನು ಪಕ್ಕದ ಮನೆಯವರ ಅಡಿಗೆಮನೆಯಲ್ಲಿ ನಿಲ್ಲಬೇಕಾದೀತು. ಆದ್ದರಿಂದ ನಾವು ಆರಿಸಿದ್ದು ೨೦೦೯ರಲ್ಲಿ ನಿಕಾನ್ ಹೊರತಂದ ೩೫ ಮಿಲಿಮೀಟರಿನ ೧.೮ರ ಲೆನ್ಸು. ದೂರದ ವೇದಿಕೆಯ ಪಟಕ್ಕೆ ಇದು ಆಗದು. ರಾಜ್ಯೋತ್ಸವದ ದಿನ ಮಕ್ಕಳ ನೃತ್ಯ ತೆಗೆಯಬೇಕಾದರೆ ನಾವು ಮೊದಲ ಸಾಲಿನ ಮುಂದೆ ನೆಲದ ಮೇಲೆಯೇ ಕುಳಿತುಬಿಡುತ್ತೇವೆ. ಹಿಂದಿನವರ ಆಕ್ಷೇಪಣೆಯೂ ಇರುವುದಿಲ್ಲ.

ನಿಕಾನೋ ಕ್ಯಾನನ್ನೋ ಎಂಬ ವಾದ ನಮ್ಮಲ್ಲಿ ದೋಸೆ ಗರಿಗರಿಯಾಗಿರಬೇಕೋ ಮೆತ್ತಗಿರಬೇಕೋ ಎಂಬ ವಾದದ ಹಾಗೆ, ಮುಗಿಯುವಂಥದಲ್ಲ. ಕೊಳ್ಳುವವರು ತಿಳಿದಿರಬೇಕಾದದ್ದು ಒಂದೇ. ಕ್ಯಾನನ್ನಿನ ಇ.ಎಫ್. ಲೆನ್ಸುಗಳಲ್ಲಿ ಫೋಕಸ್ ಮಾಡುವ ಮೋಟಾರು ಲೆನ್ಸಿನೊಳಗೇ ಇರುತ್ತದೆ. ನಿಕಾನಿನ ಹಳೆಯ ಲೆನ್ಸುಗಳಲ್ಲಿ ಅದಿಲ್ಲ. ಕ್ಯಾಮೆರಾದೊಳಗಿನ ಮೋಟಾರು ಅವನ್ನು ತಿರುಗಿಸಬೇಕು. ಡಿ ೩೦೦೦, ಡಿ ೫೦೦೦ ಸಾಲಿನ ಅಗ್ಗದ ನಿಕಾನ್‌ಗಳಲ್ಲಿ ಆ ಮೋಟಾರನ್ನು ಇಟ್ಟಿಲ್ಲ. ಆದ್ದರಿಂದ ಇವುಗಳಿಗೆ ಎ.ಎಫ್.-ಎಸ್. ಎಂದು ಬರೆದ ಲೆನ್ಸನ್ನೇ ಕೇಳಬೇಕು. ಎ.ಎಫ್.-ಡಿ. ಎಂಬುದು ಸಾವಿರ ರೂಪಾಯಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ಜನ್ಮಪೂರ್ತಿ ಕೈಯಿಂದ ತಿರುಗಿಸಿಕೊಂಡು ಕೂರಬೇಕಾಗುತ್ತದೆ.

ಇಷ್ಟನ್ನು ತಿಳಿದುಕೊಂಡು, ೨೦೨೪ರ ಜನವರಿಯ ಒಂದು ಶನಿವಾರ ದಂಪತಿಗಳಿಬ್ಬರೂ ಕೋಟೆ ಪ್ರದೇಶದ ಬೋರಾ ಬಜಾರಿಗೆ ಹೋದೆವು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ನಡೆದು ಹೋಗುವ ದೂರ. ದೆಹಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ ಇದ್ದಂತೆ ನಮಗೆ ಇದು. ಹೊಸ ಕ್ಯಾಮೆರಾದ ಬೆಲೆಯನ್ನೂ ವಿಚಾರಿಸದೆ ಬಿಡಲಿಲ್ಲ. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿ.ಎಸ್.ಟಿ. ೨೦೧೯ರ ಜನವರಿ ೧ರಂದು ಶೇಕಡಾ ೨೮ರಿಂದ ೧೮ಕ್ಕೆ ಇಳಿದಿತ್ತಾದರೂ ಹೊಸದು ನಮ್ಮ ೨೭,೬೩೨ಕ್ಕೆ ನಿಲುಕುವಂತಿರಲಿಲ್ಲ. ಒಬ್ಬ ಅಂಗಡಿಯಾತ ಬಿಲ್ಲಿಲ್ಲದೆ ಕೊಟ್ಟರೆ ಬಹಳ ಕಡಿಮೆಯಾಗುತ್ತದೆಂದು ಮೆಲ್ಲಗೆ ಸೂಚಿಸಿದ. ಬಿಲ್ಲಿಲ್ಲದ ಹೊಸ ಮಾಲಿಗೆ ಭಾರತದ ಗ್ಯಾರಂಟಿ ಇರುವುದಿಲ್ಲ. ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಮಾಲು ಎಷ್ಟೋ ಸಲ ಹೀಗೆಯೇ ಬಿಕರಿಯಾಗುತ್ತದೆ. ಸರ್ಕಾರದ ಅನ್ನ ತಿನ್ನುವವರು ಸರ್ಕಾರಕ್ಕೆ ತೆರಿಗೆ ತಪ್ಪಿಸುವುದು ಚೆನ್ನಲ್ಲವೆಂಬ ಮಾತು ಬೇರೆ ಇರಲಿ.

ಹಳೆಯ ಮಾಲಿನ ಅಂಗಡಿಯಲ್ಲಿ ಮಾತಿಗೆ ಬೆಲೆಯಿಲ್ಲ, ಪರೀಕ್ಷೆಗೇ ಬೆಲೆ. ಕ್ಯಾಮೆರಾದ ಆಯುಸ್ಸನ್ನು ಅಳೆಯುವುದು ವರುಷಗಳಿಂದಲ್ಲ, ಅದರ ಪರದೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬುದರಿಂದ. ಅಗ್ಗದ ನಿಕಾನ್‌ಗಳ ಪರದೆಯನ್ನು ಒಂದು ಲಕ್ಷ ಸಲಕ್ಕೂ, ಡಿ ೭೦೦೦ ಸಾಲಿನದನ್ನು ಒಂದೂವರೆ ಲಕ್ಷ ಸಲಕ್ಕೂ ಪರೀಕ್ಷಿಸಿರುತ್ತಾರೆ. ನಿಕಾನ್ ತಾನು ತೆಗೆದ ಪ್ರತಿಯೊಂದು ಪಟದೊಳಗೂ ಈ ಎಣಿಕೆಯನ್ನು ಗುಟ್ಟಾಗಿ ಬರೆದಿಡುತ್ತದೆ. ಒಂದು ಪಟ ತೆಗೆದು, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಅಂಕಿ ಕಾಣುತ್ತದೆ. ಕ್ಯಾನನ್ನಿನ ಅಗ್ಗದ ಮಾದರಿಗಳಲ್ಲಿ ಇಷ್ಟು ಸುಲಭವಲ್ಲ. ನಾವು ಲ್ಯಾಪ್‌ಟಾಪನ್ನು ಚೀಲದಲ್ಲಿ ಒಯ್ದಿದ್ದೆವು. ಮೊದಲ ಅಂಗಡಿಯಲ್ಲಿ "ಐದು ಸಾವಿರವೂ ಓಡಿಲ್ಲ, ಡಾಕ್ಟರರೊಬ್ಬರ ಮಾಲು" ಎಂದು ವರ್ಣಿಸಿದ ಕ್ಯಾಮೆರಾ ೬೧,೦೦೦ ದಾಟಿತ್ತು. ಲ್ಯಾಪ್‌ಟಾಪಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದಾಗ ಅವರು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು, ಕ್ಯಾಮೆರಾ ಬೇಡವೆಂದು ಎದ್ದು ಬಂದೆವು.

ಎರಡನೆಯ ಪರೀಕ್ಷೆ ಸೆನ್ಸರಿನದು. ಲೆನ್ಸಿನ ಮುಚ್ಚಳ ಹಾಕಿಕೊಂಡೇ ಕೆಲವು ಸೆಕೆಂಡುಗಳ ಒಂದು ಪಟ ತೆಗೆದು, ಅದನ್ನು ಹಿಗ್ಗಿಸಿ ನೋಡಬೇಕು. ಕತ್ತಲಲ್ಲಿ ಕೆಂಪು, ನೀಲಿ ಚುಕ್ಕೆಗಳು ಬಹಳವಾಗಿ ಉರಿಯುತ್ತಿದ್ದರೆ ಬಿಡಬೇಕು. ಆಮೇಲೆ ಅಂಕಿಯನ್ನು ೧೬ಕ್ಕೆ ಇಟ್ಟು ಬಿಳಿಯ ಗೋಡೆಯನ್ನೋ ಬರಿಯ ಆಕಾಶವನ್ನೋ ತೆಗೆದರೆ ಧೂಳಿನ ಕಲೆಗಳು ತೋರುತ್ತವೆ. ಧೂಳನ್ನು ತೆಗೆಸಬಹುದು, ಗಾಬರಿಯಿಲ್ಲ; ಚೌಕಾಸಿಗೆ ಮಾತ್ರ ಉಪಯೋಗ. ಗಾಬರಿಪಡಬೇಕಾದದ್ದು ಲೆನ್ಸಿನೊಳಗಿನ ಬೂಷ್ಟಿಗೆ. ಮೊಬೈಲಿನ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿದರೆ, ಜೇಡರ ಬಲೆಯ ಎಳೆಗಳಂತೆ ಬಿಳಿಯದು ಹಬ್ಬಿರುವುದು ಕಂಡೀತು. ಅಂಥದು ಪುಕ್ಕಟೆಯಾಗಿ ಸಿಕ್ಕರೂ ಮನೆಗೆ ತರಬಾರದು. ಮೈಯ ರಬ್ಬರು ಎದ್ದಿದೆಯೇ, ಬ್ಯಾಟರಿಯ ಬಾಗಿಲು ಸರಿಯಾಗಿ ಕೂರುತ್ತದೆಯೇ, ಬುಡದಲ್ಲಿರುವ ಸೀರಿಯಲ್ ನಂಬರೂ ಮೂಲ ಬಿಲ್ಲಿನ ನಂಬರೂ ಒಂದೇ ಇವೆಯೇ ಎಂಬುದನ್ನೂ ನೋಡಬೇಕು. ಈ ಕೊನೆಯದರಲ್ಲಿ ದಾಕ್ಷಿಣ್ಯ ಬೇಡ. ಕದ್ದ ಮಾಲಿನ ಮೇಲೆ ಅಜ್ಜಿಯ ಪಟ ತೆಗೆಯುವುದು ಹೇಗೆ?

ನಾಲ್ಕನೆಯ ಅಂಗಡಿಯಲ್ಲಿ ನಮ್ಮ ಪಾಲಿನದು ಕಾದಿತ್ತು: ನಿಕಾನ್ ಡಿ ೫೩೦೦. ಈ ಮಾದರಿ ಹೊರಬಂದದ್ದು ೨೦೧೩ರಲ್ಲಿ, ೨೪ ಮೆಗಾಪಿಕ್ಸೆಲ್, ಪಟವನ್ನು ವೈ-ಫೈ ಮೂಲಕ ಮೊಬೈಲಿಗೆ ಕಳಿಸುವ ಅನುಕೂಲವೂ ಉಂಟು. ಎಣಿಕೆ ೩೮,೦೦೦ದ ಹತ್ತಿರ. ಕಿಟ್ ಲೆನ್ಸ್ ಬೇಡವೆಂದಾಗ ಅಂಗಡಿಯವರು ಆಶ್ಚರ್ಯಪಟ್ಟು ನಮ್ಮಾಕೆಯ ಮುಖ ನೋಡಿದರು. "ಅವರು ಹೇಳಿದಂತೆಯೇ ಮಾಡಿ, ಭಾಯಿಸಾಹೇಬ್, ಬೆಲೆಯ ಮಾತು ಮಾತ್ರ ನನ್ನ ಹತ್ತಿರ ಆಡಿ" ಎಂದಳು. ಬರಿಯ ಕ್ಯಾಮೆರಾಕ್ಕೆ ೧೫,೫೦೦, ಹಳೆಯದೇ ಆದ ೩೫ರ ಲೆನ್ಸಿಗೆ ೮,೦೦೦ಕ್ಕೆ ಇಳಿಸಿದ ಕೀರ್ತಿ ಅವಳದು. ಕಾರ್ಡು ೬೦೦, ಚೀಲ ೯೦೦, ಧೂಳು ಊದುವ ರಬ್ಬರಿನ ಬುಗ್ಗೆ ೩೦೦, ಗಾಳಿಯಾಡದ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್ ೪೫೦. ಒಟ್ಟು ೨೫,೭೫೦. ಉಳಿದದ್ದು ೧,೮೮೨.

ಆ ಡಬ್ಬಿಯ ಮಾತನ್ನು ಹಗುರಾಗಿ ತಿಳಿಯಬೇಡಿರಿ. ಮುಂಬಯಿ, ಚೆನ್ನೈಯಂಥ ಕಡಲಿನ ಊರುಗಳಲ್ಲಿ ಕ್ಯಾಮೆರಾಕ್ಕೆ ಕಳ್ಳರಿಗಿಂತ ದೊಡ್ಡ ಶತ್ರು ತೇವ. ಜೂನ್ ಬಂದೊಡನೆ ಚಪ್ಪಲಿಗೂ ಬೆಲ್ಟಿಗೂ ಹಿಡಿಯುವ ಬೂಷ್ಟೇ ಲೆನ್ಸಿನ ಗಾಜಿಗೂ ಹಿಡಿಯುತ್ತದೆ. ಕ್ಯಾಮೆರಾವನ್ನು ಅದರ ಮೆತ್ತನೆಯ ಚೀಲದಲ್ಲೇ ಕಪಾಟಿನ ಮೂಲೆಗೆ ತಳ್ಳಿ, ಗಣಪತಿ ಹಬ್ಬಕ್ಕೆ ಹೊರತೆಗೆಯುವವರು ಇಬ್ಬರು ಮೂವರನ್ನು ನಾವು ಬಲ್ಲೆವು; ಚೀಲದ ಬಟ್ಟೆ ತೇವವನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಪೊಟ್ಟಣ ಹಾಕಿ ಮುಚ್ಚಿಡಬೇಕು. ಬಣ್ಣ ಬದಲಾಯಿಸುವ ಹರಳುಗಳಾದರೆ ಒಳ್ಳೆಯದು. ತೇವ ಹೀರಿ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮೊದಲಿನಂತಾಗುತ್ತವೆ. ಆ ಬಾಣಲೆ ಅಡಿಗೆಯದಾಗಿರಬಾರದು. ತಿಂಗಳಿಗೆ ಒಂದೆರಡು ಸಲ ಹೊರತೆಗೆದು ನಾಲ್ಕು ಪಟ ತೆಗೆಯುವುದೂ ಒಂದು ಔಷಧವೇ.

೨೦೨೪ರ ಮೇ ತಿಂಗಳಲ್ಲಿ ಊರಿಗೆ ಹೋದಾಗ, ಮಧ್ಯಾಹ್ನ ಊಟದ ಮೇಲೆ ನಡುಮನೆಯ ಗಾಜಿನ ಹಂಚಿನ ಕೆಳಗೆ, ಬಿಸಿಲಿನ ಕೋಲಿನಿಂದ ಒಂದು ಮೊಳ ಆಚೆಗೆ ಅಜ್ಜಿಯನ್ನು ಕೂರಿಸಿದೆವು. ನೇರ ಬಿಸಿಲು ಬಿದ್ದರೆ ಕಣ್ಣು ಕಿರಿದಾಗುತ್ತದೆ. ನೆಲದಿಂದ ಪುಟಿದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತದೆ. "ಈ ಮುದುಕಿ ಪಟ ಎಂತಕ್ಕೋ ತಮಾ?" ಎಂದರು. ಉತ್ತರ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು; ಇಬ್ಬರೂ ಹೇಳಲಿಲ್ಲ. ಅಡಕೆ ಕತ್ತರಿ ಕೈಯಲ್ಲಿ ಹಿಡಿದು ಅವರು ಮಗಳೊಡನೆ ಮಾತಿಗೆ ತೊಡಗಿದ ಮೇಲೆ ನಲವತ್ತು ಪಟ ತೆಗೆದೆವು. ಮೂರು ಚೆನ್ನಾಗಿ ಬಂದವು. ಅವರ ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಇಷ್ಟು ವರುಷ ನೋಡಿದ ಮುಖದಲ್ಲಿ ಅದನ್ನು ನಾವು ಕಂಡದ್ದು ಆ ಪಟದಲ್ಲಿಯೇ.

ಉಳಿದ ೧,೮೮೨ ರೂಪಾಯಿ ಮುದ್ರಣಕ್ಕೆ ಹೋಯಿತು. ತೆಗೆದದ್ದನ್ನು ಕಾಗದದ ಮೇಲೆ ಹಾಕಿಸದಿದ್ದರೆ ಕ್ಯಾಮೆರಾ ಕೊಂಡೂ ಮೊಬೈಲಿನ ಪಾಡೇ. ಅಜ್ಜನ ಬಳಿ ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ಸುರುಳಿಗೆ ಹನ್ನೆರಡೇ ಪಟ. ಆ ಹನ್ನೆರಡರಲ್ಲಿ ಹಲವು ಈಗಲೂ ಟ್ರಂಕಿನಲ್ಲಿವೆ, ಏಕೆಂದರೆ ಅವು ಕಾಗದದ ಮೇಲಿದ್ದವು. ನಾವು ಅಜ್ಜಿಯ ಪಟವನ್ನು ಹತ್ತು-ಎಂಟರ ಅಳತೆಯಲ್ಲಿ ಐದು ಪ್ರತಿ ತೆಗೆಸಿ ಐದು ಮನೆಗಳಿಗೆ ಕೊಟ್ಟೆವು. ಸ್ಟುಡಿಯೋಕ್ಕೆ ಕೊಡುವಾಗ ಕಾರ್ಡಿನಿಂದ ನಕಲು ಮಾಡಿದ ಮೂಲ ಕಡತವನ್ನೇ ಪೆನ್‌ಡ್ರೈವಿನಲ್ಲಿ ಕೊಡಿರಿ, ವಾಟ್ಸಾಪಿನಲ್ಲಿ ಕಳಿಸಬೇಡಿರಿ. ಮೂಲದ ಎರಡು ನಕಲುಗಳನ್ನು ಎರಡು ಬೇರೆ ಕಡೆ ಇಡಿರಿ. ನಮ್ಮದೊಂದು ಮುಂಬಯಿಯಲ್ಲಿ, ಇನ್ನೊಂದು ಪುಣೆಯ ತಂಗಿಯ ಮನೆಯಲ್ಲಿದೆ. ಪಟದ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆಯಿರಿ. ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಂಬದಿಯಲ್ಲಿ ಮೂಡುತ್ತದೆ.